ಒಣಹೂ ಅಂಟಿಸಿ ಕಾರ್ಡ್ ಮಾಡೋದು ಹೇಗೆ?

ಪ್ರಶ್ನೆ: ಅಮ್ಮನ ಬರ್ತ್‌ಡೇಗೆ ಒಣಹೂ ಅಂಟಿಸಿ ಕೈಯಾರೆ ಕಾರ್ಡ್ ಮಾಡೋಣ ಅಂತ, ಆದ್ರೆ ಪುಸ್ತಕದೊಳಗೆ ಇಟ್ಟ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗ್ತಿದೆ, ಯಾಕೆ?

ಉತ್ತರ 1: ತೇವ ಉಳಿದ್ರೆ ಹಂಗೇ ಆಗೋದು. ಇಬ್ಬನಿ ಪೂರ್ತಿ ಆರಿದ ಮೇಲೆ ಕಿತ್ಕೊಳ್ಳಿ, ನುಣುಪು ಪೇಪರ್ ಬೇಡ, ಬ್ಲಾಟಿಂಗ್ ಪೇಪರ್ ಮಧ್ಯೆ ಇಟ್ಟು ಭಾರ ಹೇರಿ, ಆಗಾಗ ಪೇಪರ್ ಬದಲಾಯಿಸ್ತಾ ಇರಿ, 2–3 ವಾರ ಬೇಕೇ ಬೇಕು. ಗುಲಾಬಿ ಥರ ದಪ್ಪ ಹೂವಾದ್ರೆ ಎಸಳು ಬಿಡಿಸಿಯೇ ಒಣಗಿಸಿ.

ಉತ್ತರ 2: ಗಮ್ ಜಾಸ್ತಿ ಬಳೀಬೇಡಿ, ಕಾರ್ಡ್ ಸುಕ್ಕಾಗತ್ತೆ (ನೋಡೋಕೆ ಅಸಹ್ಯ). ಟೂತ್‌ಪಿಕ್ ತುದೀಲಿ ಒಂದು ಚುಕ್ಕಿ ಸಾಕು.

ಪ್ರಶ್ನೆ ಕೇಳಿದವರು: ಅಯ್ಯೋ, ಬರ್ತ್‌ಡೇ ಮುಂದಿನ ವಾರಾನೇ!

ಉತ್ತರ 1: ಹಂಗಾದ್ರೆ ಇಸ್ತ್ರಿ ಪೆಟ್ಟಿಗೆ ತಗೊಳ್ಳಿ. ಸ್ಟೀಮ್ ಆಫ್ ಮಾಡಿ, ಪೇಪರ್ ಮಧ್ಯೆ ಹೂವಿಟ್ಟು ಕಡಿಮೆ ಬಿಸೀಲಿ 10–15 ಸೆಕೆಂಡ್ ಒತ್ತಿ, ಆರೋಕೆ ಬಿಟ್ಟು ಮತ್ತೆ ಒತ್ತಿ. ತೆಳು ಹೂವಿಗೆ ಮಾತ್ರ.