ಪದಚರ್ಚೆ: ಗಿಟಾರಿನ ‘ಡಿಸ್ಟಾರ್ಷನ್’ಗೆ ‘ವಿರೂಪ’ ಒಗ್ಗುತ್ತದೆಯೇ?

ಮೆಚ್ಚಿನ ಗಿಟಾರ್ ವಾದಕರ ನಾದವನ್ನು ಪೆಡಲುಗಳಿಂದ (ಕಾಲಿನಿಂದ ಒತ್ತಿ ಗಿಟಾರಿನ ದನಿಯನ್ನು ಬದಲಿಸುವ ಪುಟ್ಟ ಪೆಟ್ಟಿಗೆಗಳಿಂದ) ಹೇಗೆ ಹೊರಡಿಸಬಹುದು ಎಂದು ಹೊಸದಾಗಿ ಕಲಿಯುವವರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಪೆಡಲುಗಳ ಹೆಸರನ್ನು ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಅದರಲ್ಲಿ ತಕರಾರಿಲ್ಲ. ತೊಡಕಿರುವುದು ಅವುಗಳ ದನಿಯನ್ನು ಬಣ್ಣಿಸುವಲ್ಲಿ.

‘ಡಿಸ್ಟಾರ್ಷನ್’ಗೆ ನಿಘಂಟಿನಲ್ಲಿ ಸಿಗುವುದು ‘ವಿರೂಪ’, ‘ವಿಕೃತಿ’. ಸಂಕೇತ ಕೆಟ್ಟಿದೆ ಎಂದು ದೂರುವ ಎಂಜಿನಿಯರಿಗೆ ಅಷ್ಟು ಸಾಕು. ಗಿಟಾರ್ ವಾದಕನೋ ಅದೇ ಕೆಡುಕನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆ! ಅದೂ ಒಂದೇ ಬಗೆಯದಲ್ಲ. ಸ್ಟೀವಿ ರೇ ವಾನ್ ಬಳಸುತ್ತಿದ್ದ ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವ್ ಜಾತಿಯದು. ಅದು ದನಿಯ ಅಲೆಯ ತುದಿಗಳನ್ನು ಮೆಲ್ಲಗೆ ದುಂಡಗಾಗಿಸಿ, ಮಂದ್ರವನ್ನು ತಗ್ಗಿಸಿ, ನಡುವಣ ಶ್ರೇಣಿಯನ್ನು ಮುಂದಕ್ಕೆ ತರುತ್ತದೆ. ಬಲವಾಗಿ ಮೀಟಿದಷ್ಟೂ ದನಿ ಒರಟಾಗುತ್ತದೆ. ಜಿಮಿ ಹೆಂಡ್ರಿಕ್ಸ್ ಮೆಚ್ಚಿದ ಫಜ್ ಫೇಸ್ 1966ರಲ್ಲಿ ಬಂದ, ಫಜ್ ಜಾತಿಯ ಪೆಡಲು. ಎರಡೇ ಟ್ರಾನ್ಸಿಸ್ಟರುಗಳ ಅದರ ವಿದ್ಯುನ್ಮಂಡಲ ಅಲೆಯ ತುದಿಗಳನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ, ಆದರೂ ಗಿಟಾರಿನ ವಾಲ್ಯೂಮ್ ತಿರುಪನ್ನು ತುಸು ಇಳಿಸಿದರೆ ದನಿ ತಿಳಿಯಾಗುತ್ತದೆ. ಡೇವಿಡ್ ಗಿಲ್ಮೋರ್ ಬಳಸಿದ ಬಿಗ್ ಮಫ್‌ನಲ್ಲಿ ಸ್ವರ ಬೇಗ ಕುಗ್ಗದೆ ಉದ್ದಕ್ಕೆ ನಿಲ್ಲುತ್ತದೆ. ಮೂರನ್ನೂ ‘ವಿರೂಪ’ ಎಂದುಬಿಟ್ಟರೆ ಓದುಗ ಯಾವುದನ್ನು ಆರಿಸಿಕೊಳ್ಳಬೇಕು?

ಸದ್ಯಕ್ಕೆ ಓವರ್‌ಡ್ರೈವಿಗೆ ‘ಒರಟು ದನಿ’, ಫಜ್‌ಗೆ ‘ಒಡಕು ದನಿ’ ಎಂದು ಬರೆದಿದ್ದೇನೆ. ‘ಗೊಗ್ಗರು’ ಕೂಡ ಹೊಳೆಯಿತು, ಆದರೆ ಅದರಲ್ಲಿ ನೆಗಡಿ ಹಿಡಿದ ಗಂಟಲಿನ ಛಾಯೆಯಿದೆ. ‘ಕರ್ಕಶ’ವಂತೂ ಬೈಗುಳವೇ ಸರಿ. ಮನಸ್ಸು ಪದೇ ಪದೇ ಎಳೆಯುವುದು ತಂಬೂರಿಯ ‘ಜೀವಾಳ’ದ ಕಡೆಗೆ. ತಂತಿಗೂ ಅದನ್ನು ಹೊರುವ ಕುದುರೆಗೂ (ಬ್ರಿಡ್ಜ್) ನಡುವೆ ನೂಲು ಸರಿಸಿ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಸ್ವರದ ಜೊತೆಗೆ ಕೇಳುವ ಮೇಲಿನ ಸ್ವರಗಳನ್ನು, ಅರಳಿಸುವ ಕೆಲಸ ಅದು. ಫಜ್ ಸೇರಿಸುವುದೂ ಹಾರ್ಮೋನಿಕ್‌ಗಳನ್ನೇ. ಆದರೆ ಆ ಪದಕ್ಕೆ ಈಗಾಗಲೇ ವಾರಸುದಾರರಿದ್ದಾರೆ, ಕಿತ್ತುಕೊಳ್ಳಲು ಧೈರ್ಯವಿಲ್ಲ.

ನುಡಿಸಿದ್ದನ್ನು ತುಸು ತಡವಾಗಿ ಮರಳಿ ಕೇಳಿಸುವ ಡಿಲೇಗೆ ‘ಮಾರ್ದನಿ’, ದೊಡ್ಡ ಕೋಣೆಯಲ್ಲಿ ನುಡಿಸಿದಂತೆ ದನಿಯನ್ನು ಗುಂಯ್‌ಗುಡಿಸುವ ರಿವರ್ಬಿಗೆ ‘ಅನುರಣನ’ ಸಲೀಸಾಗಿ ಕೂತವು. ಯು2 ತಂಡದ ಗಿಟಾರ್ ವಾದಕ ದಿ ಎಡ್ಜ್ ಅವರ ನುಡಿಸಾಣಿಕೆಯಲ್ಲಿ ಕೇಳುವ, ಒಂದು ಬಡಿತದ ಮುಕ್ಕಾಲು ಪಾಲಿಗೆ ಮರಳಿ ಬರುವ ಡಿಲೇಯನ್ನು ‘ಮುಕ್ಕಾಲು ಮಾರ್ದನಿ’ ಎಂದೆ. ನಿಮಿಷಕ್ಕೆ 120 ಬಡಿತಗಳ ಗತಿಯಲ್ಲಿ ಅದು 375 ಮಿಲಿಸೆಕೆಂಡು. ಈ ಹೆಸರು ನನಗೇ ತುಂಬ ಹಿಡಿಸಿದೆ, ಹಾಗಾಗಿಯೇ ಸ್ವಲ್ಪ ಅನುಮಾನ.

ನಿಜವಾದ ಗೋಜಲು ವೈಬ್ರಾಟೊ ಮತ್ತು ಟ್ರೆಮೊಲೊಗಳದು. ಮೊದಲನೆಯದರಲ್ಲಿ ಅಲುಗುವುದು ಶ್ರುತಿ, ಎರಡನೆಯದರಲ್ಲಿ ಸದ್ದಿನ ಪ್ರಮಾಣ. ಫೆಂಡರ್ ಕಂಪನಿ 1954ರ ಸ್ಟ್ರಾಟೊಕ್ಯಾಸ್ಟರಿನಲ್ಲಿ ಶ್ರುತಿ ಅಲುಗಿಸುವ ಕಡ್ಡಿಯನ್ನು ಟ್ರೆಮೊಲೊ ಎಂದು ಕರೆಯಿತು. ತನ್ನ ಆಂಪ್ಲಿಫೈಯರುಗಳಲ್ಲಿ ಸದ್ದನ್ನು ಏರಿಳಿಸುವ ಸೌಲಭ್ಯಕ್ಕೆ ವೈಬ್ರಾಟೊ ಎಂದಿತು. ಆ ತಲೆಕೆಳಗು ಇಂದಿಗೂ ಬಳಕೆಯಲ್ಲಿದೆ. ಕನ್ನಡದಲ್ಲಾದರೂ ಇದನ್ನು ನೆಟ್ಟಗೆ ಹೇಳುವ ಅವಕಾಶವಿದೆ. ವೈಬ್ರಾಟೊಗೆ ಗಮಕಗಳ ಸಾಲಿನಿಂದ ‘ಕಂಪಿತ’ವನ್ನು ತರಬಹುದೆಂದುಕೊಂಡಿದ್ದೇನೆ, ಸಂಗೀತ ಬಲ್ಲವರಿಗೆ ಆಕ್ಷೇಪವಿದ್ದರೆ ತಿಳಿಸಿ. ಟ್ರೆಮೊಲೊಗೆ ‘ಮಿಡಿತ’ ಸಾಕೇ, ಅಥವಾ ಅದು ಎದೆಬಡಿತದ ಕಡೆಗೇ ವಾಲುತ್ತದೆಯೇ?