ಮೊಮ್ಮಕ್ಕಳೊಡನೆ ನಡೆದೇ ನೋಡಬಹುದಾದ ಅಮೆರಿಕದ ಮಧ್ಯಪಶ್ಚಿಮದ ಊರು ಯಾವುದು?

ಬದಿಯಡ್ಕದ ನಿವೃತ್ತ ಅಧ್ಯಾಪಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೋಟಕ್ಕೆ ಮಳೆಗಾಲದ ಮೊದಲ ಮದ್ದು ಬಿಟ್ಟು ಮುಗಿದೊಡನೆ ನಾನೂ ನನ್ನ ಪತ್ನಿಯೂ ಶಿಕಾಗೋದ ಪಶ್ಚಿಮ ಭಾಗದ ಉಪನಗರವೊಂದರಲ್ಲಿರುವ ಮಗಳ ಮನೆಗೆ ಹೊರಡುವವರಿದ್ದೇವೆ. ಅಳಿಯನಿಗೆ ದೀರ್ಘ ರಜೆ ಸಿಗುವುದಿಲ್ಲ. ವಾರಾಂತ್ಯಕ್ಕೆ ಒಂದು ದಿನ ಸೇರಿಸಿ ಎಲ್ಲರೂ ಒಟ್ಟಿಗೆ ಎಲ್ಲಿಗಾದರೂ ಹೋಗಿ ಬರುವುದೆಂದು ತೀರ್ಮಾನವಾಗಿದೆ. ಬಂಧುಗಳಲ್ಲಿ ಕೆಲವರು ನಯಾಗರ ಎನ್ನುತ್ತಾರೆ, ಕೆಲವರು ಯೆಲ್ಲೋಸ್ಟೋನ್ ಎನ್ನುತ್ತಾರೆ. ಅಷ್ಟು ಹೊತ್ತು ಕಾರಿನಲ್ಲಿ ಕುಳಿತರೆ ನಮ್ಮ ಸೊಂಟವೂ ಮಕ್ಕಳ ತಾಳ್ಮೆಯೂ ಉಳಿಯುವುದಿಲ್ಲ.

ನನ್ನ ಅಪೇಕ್ಷೆ ಬೇರೆ. ಮಗಳಿರುವ ಬಡಾವಣೆಯಲ್ಲಿ ಒಂದು ಪೊಟ್ಟಣ ಹಾಲು ತರುವುದಕ್ಕೂ ಕಾರು ಬೇಕು. ಆದುದರಿಂದ ರಜೆಯಲ್ಲಾದರೂ ಕಾರನ್ನು ಒಂದು ಕಡೆ ನಿಲ್ಲಿಸಿ, ಅಥವಾ ಮನೆಯಲ್ಲೇ ಬಿಟ್ಟು, ಕಾಲ್ನಡಿಗೆಯಲ್ಲಿ ಒಂದು ಊರನ್ನು ಪರಿಚಯ ಮಾಡಿಕೊಳ್ಳಬೇಕೆಂದು ಆಸೆ. ಶಿಕಾಗೋ ನಗರವನ್ನು ಹಿಂದಿನ ಸಲ ನೋಡಿದ್ದೇವೆ. 1893ರಲ್ಲಿ ವಿವೇಕಾನಂದರು ಮಾತನಾಡಿದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿಯೂ ಸಾಕಷ್ಟು ಹೊತ್ತು ಕಳೆದಿದ್ದೇವೆ. ಈಗ ಬೇಕಾಗಿರುವುದು ಸ್ವಲ್ಪ ಚಿಕ್ಕ ಊರು. ಪತ್ನಿಗೆ ಮೊಣಕಾಲು ನೋವಿದೆ: ಸಮತಟ್ಟು ದಾರಿಯಾದರೆ ಸಮಸ್ಯೆಯಿಲ್ಲ, ಮೆಟ್ಟಿಲು ಕಷ್ಟ. ಮೊಮ್ಮಕ್ಕಳಲ್ಲಿ ದೊಡ್ಡವಳು ನಾಲ್ಕನೆಯ ತರಗತಿ, ಚಿಕ್ಕವನು ಇನ್ನೂ ಶಾಲೆಗೆ ಸೇರಿಲ್ಲ. ನಾವು ಸಸ್ಯಾಹಾರಿಗಳು. ಅನುಭವವಿರುವವರು ಊರಿನ ಹೆಸರನ್ನಷ್ಟೇ ಹೇಳದೆ, ಎಲ್ಲಿ ಉಳಿದುಕೊಳ್ಳಬೇಕು, ಎಲ್ಲಿಂದ ಎಲ್ಲಿಗೆ ನಡೆಯಬಹುದು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಮಂಜೇಶ್ವರದಿಂದ (ಉತ್ತರ)

ನಿಮ್ಮ ಅಗತ್ಯಗಳನ್ನು ಓದಿದಾಗ ನನಗೆ ತೋರಿದ ಹೆಸರು ಒಂದೇ, ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್. ನನ್ನ ಮಗ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನಾವು ಬೇಸಿಗೆಯಲ್ಲಿ ಹೋಗಿ ಉಳಿದಿದ್ದೆವು. ಶಿಕಾಗೋದಿಂದ ಸುಮಾರು 235 ಕಿಲೋಮೀಟರ್. ಎರಡೂವರೆ ಗಂಟೆಯ ಪ್ರಯಾಣ. ಓಹೇರ್ ವಿಮಾನ ನಿಲ್ದಾಣದಿಂದ ನೇರ ಬಸ್ಸುಗಳೂ ಇವೆ.

ಊರಿನ ನಡುಭಾಗ ಮೆಂಡೋಟಾ ಮತ್ತು ಮೊನೋನಾ ಎಂಬ ಎರಡು ಸರೋವರಗಳ ನಡುವಿನ ಕಿರಿದಾದ ನೆಲದ ಮೇಲಿದೆ. ನಮ್ಮ ಜಿಲ್ಲೆಯ ತೆಂಕಣ ತುದಿಯ ವಲಿಯಪರಂಬದಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹಿನ್ನೀರು ಇರುವಂತೆ ಅಲ್ಲಿಯೂ ಎಡಕ್ಕೂ ನೀರು, ಬಲಕ್ಕೂ ನೀರು. ಶಾಸನಸಭಾ ಭವನವಿರುವಲ್ಲಿ ಈ ನೆಲದ ಅಗಲ ಒಂದೂವರೆ ಕಿಲೋಮೀಟರಿಗಿಂತಲೂ ಕಡಿಮೆ. ನೋಡಬೇಕಾದವುಗಳಲ್ಲಿ ಹೆಚ್ಚಿನವು ಹರಡಿಹೋಗದೆ ಹತ್ತಿರ ಹತ್ತಿರವಾಗಿರುವುದಕ್ಕೆ ಕಾರಣವೇ ಇದು.

ಕ್ಯಾಪಿಟಲ್ ಎಂದು ಕರೆಯುವ ಶಾಸನಸಭಾ ಭವನವನ್ನು ನಡುವಿಟ್ಟುಕೊಂಡು ಯೋಜನೆ ಮಾಡಿ. 1906ರಲ್ಲಿ ಆರಂಭವಾಗಿ 1917ರಲ್ಲಿ ಮುಗಿದ ಈ ಕಟ್ಟಡದ ಗುಮ್ಮಟ ಗ್ರಾನೈಟ್ ಕಲ್ಲಿನದು. ಎತ್ತರ ಸುಮಾರು 86 ಮೀಟರ್, ವಾಷಿಂಗ್ಟನ್ನಿನ ಕ್ಯಾಪಿಟಲ್‌ಗಿಂತ ಒಂದು ಮೀಟರಿನಷ್ಟೇ ಕಡಿಮೆ. ಗುಮ್ಮಟದ ತುದಿಯಲ್ಲಿರುವ ಚಿನ್ನದ ಲೇಪದ ಸ್ತ್ರೀಮೂರ್ತಿಯನ್ನು ಮಾಡಿದವರು ಲಿಂಕನ್ ಸ್ಮಾರಕದ ಪ್ರತಿಮೆಯನ್ನು ರೂಪಿಸಿದ ಡೇನಿಯಲ್ ಚೆಸ್ಟರ್ ಫ್ರೆಂಚ್. ಆ ಮೂರ್ತಿಯ ಶಿರಸ್ತ್ರಾಣದ ಮೇಲೆ ಬ್ಯಾಡ್ಜರ್ ಎಂಬ ಪ್ರಾಣಿಯೊಂದು ಕುಳಿತಿದೆ. ಮೊಮ್ಮಗಳಿಗೆ ಮೊದಲೇ ಹೇಳಿಬಿಡಬೇಡಿ, ಹುಡುಕಲಿ. ಒಳಗೆ ಪ್ರವೇಶ ಉಚಿತ, ಮಾರ್ಗದರ್ಶಕರು ಕರೆದುಕೊಂಡು ಹೋಗಿ ವಿವರಿಸುವುದಕ್ಕೂ ಹಣ ಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಗುಮ್ಮಟದ ಸುತ್ತಲಿನ ವೀಕ್ಷಣಾ ಕಟ್ಟೆಯೂ ತೆರೆದಿರುತ್ತದೆ. ಅಲ್ಲಿಗೆ ಮೆಟ್ಟಿಲು ಹತ್ತಬೇಕಾದುದರಿಂದ ನಿಮ್ಮ ಪತ್ನಿ ಕೆಳಗಿನ ತಂಪಾದ ಅಮೃತಶಿಲೆಯ ಅಂಗಣದಲ್ಲಿ ಕುಳಿತು ಮೇಲಿನ ಚಿತ್ರಗಳನ್ನು ನೋಡುತ್ತಿರಬಹುದು.

ಶನಿವಾರ ಬೆಳಿಗ್ಗೆ ಅಲ್ಲಿರುವಂತೆ ದಿನಗಳನ್ನು ಹೊಂದಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. 1972ರಿಂದ ನಡೆದುಬರುತ್ತಿರುವ ರೈತರ ಸಂತೆ ಏಪ್ರಿಲ್‌ನಿಂದ ನವೆಂಬರ್ ತನಕ ಪ್ರತಿ ಶನಿವಾರ ಈ ಭವನದ ಸುತ್ತಲಿನ ನಾಲ್ಕು ಬೀದಿಗಳಲ್ಲಿ ನೆರೆಯುತ್ತದೆ. ತಾವೇ ಬೆಳೆದದ್ದನ್ನು, ತಾವೇ ತಯಾರಿಸಿದ್ದನ್ನು ಮಾತ್ರ ಮಾರಬೇಕು ಎಂಬುದು ಅಲ್ಲಿಯ ನಿಯಮ, ದಲ್ಲಾಳಿಗೆ ಜಾಗವಿಲ್ಲ. ಅಡಕೆಯ ಧಾರಣೆಗಾಗಿ ವ್ಯಾಪಾರಿಯ ಮುಖ ನೋಡುತ್ತ ಕುಳಿತ ನಮ್ಮಂಥವರಿಗೆ ಆ ನಿಯಮವನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚಾಗುವುದು ಸಹಜ. ಜನರೆಲ್ಲ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತು ಬರುತ್ತಾರೆ. ದೇವಸ್ಥಾನದ ಅಭ್ಯಾಸಬಲದಿಂದ ಪ್ರದಕ್ಷಿಣೆ ಹಾಕಲು ಹೊರಟರೆ ಎದುರಿನಿಂದ ಬರುವ ಜನಪ್ರವಾಹದಲ್ಲಿ ಸಿಕ್ಕಿಕೊಳ್ಳುತ್ತೀರಿ. ಬೆಳಿಗ್ಗೆ ಬೇಗನೆ ಹೋದರೆ ಜನಸಂದಣಿ ಕಡಿಮೆ.

ಸಂತೆ ಮುಗಿಸಿ, ಭವನದಿಂದ ಮೊನೋನಾ ಸರೋವರದ ಕಡೆಗೆ ಕೆಲವೇ ನಿಮಿಷ ನಡೆದರೆ ಮೊನೋನಾ ಟೆರೇಸ್ ಎಂಬ ಸಭಾಭವನ ಸಿಗುತ್ತದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಇದರ ಮೊದಲ ನಕ್ಷೆಯನ್ನು 1938ರಲ್ಲಿ ಮುಂದಿಟ್ಟರು. ಊರಿನವರ ವಾದವಿವಾದಗಳೆಲ್ಲ ಮುಗಿದು ಕಟ್ಟಡ ತೆರೆದದ್ದು 1997ರಲ್ಲಿ, ರೈಟ್ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಮೇಲ್ಛಾವಣಿಯೇ ಸಾರ್ವಜನಿಕ ಉದ್ಯಾನ. ಅಲ್ಲಿಂದ ಸರೋವರದ ನೋಟ ಚೆನ್ನಾಗಿದೆ, ಮಕ್ಕಳಿಗೆ ಓಡಾಡುವುದಕ್ಕೆ ಜಾಗವೂ ಇದೆ.

ಇದರ ವಿರುದ್ಧ ದಿಕ್ಕಿನಲ್ಲಿ, ಭವನದಿಂದ ವಿಶ್ವವಿದ್ಯಾಲಯದ ಅಂಚಿನವರೆಗೆ ಸುಮಾರು ಒಂದು ಕಿಲೋಮೀಟರ್ ಉದ್ದದ ಸ್ಟೇಟ್ ಸ್ಟ್ರೀಟ್ ಇದೆ. ಖಾಸಗಿ ಕಾರುಗಳ ಓಡಾಟವಿಲ್ಲದ, ಎರಡೂ ಬದಿಗೆ ಅಂಗಡಿ, ಹೋಟೆಲು, ಪುಸ್ತಕದಂಗಡಿಗಳಿರುವ ಬೀದಿ; ಭಾರತೀಯ ಮತ್ತು ನೇಪಾಳಿ ಊಟವೂ ದೊರೆಯುತ್ತದೆ. ಬೀದಿ ಮುಗಿದು ಸ್ವಲ್ಪ ಮುಂದಕ್ಕೆ ಹೋದರೆ ಮೆಂಡೋಟಾ ದಡದಲ್ಲಿ ಮೆಮೋರಿಯಲ್ ಯೂನಿಯನ್ ಟೆರೇಸ್. ಹಳದಿ, ಹಸಿರು, ಕಿತ್ತಳೆ ಬಣ್ಣದ, ಸೂರ್ಯಕಿರಣಗಳ ಆಕಾರದ ಬೆನ್ನಿರುವ ಕಬ್ಬಿಣದ ಕುರ್ಚಿಗಳಲ್ಲಿ ವಿದ್ಯಾರ್ಥಿಗಳು, ಊರಿನವರು, ಪ್ರವಾಸಿಗಳು ಎನ್ನುವ ಭೇದವಿಲ್ಲದೆ ಎಲ್ಲರೂ ಕುಳಿತಿರುತ್ತಾರೆ. ವಿಶ್ವವಿದ್ಯಾಲಯದ ಡೇರಿಯಲ್ಲೇ ತಯಾರಾದ ಐಸ್‌ಕ್ರೀಮ್ ಅಲ್ಲಿ ಸಿಗುತ್ತದೆ. ಜೂನ್, ಜುಲೈಗಳಲ್ಲಿ ರಾತ್ರಿ ಎಂಟೂವರೆಯ ತನಕ ಬೆಳಕಿರುವುದರಿಂದ ಸಂಜೆಯನ್ನು ಪೂರ್ತಿಯಾಗಿ ಅಲ್ಲಿಗೇ ಕೊಡಿ.

ಮಳೆ ಬಂದರೆ ಚಿಂತೆಯಿಲ್ಲ. ಚೇಜನ್ ಕಲಾ ಸಂಗ್ರಹಾಲಯ ಮತ್ತು ಭೂವಿಜ್ಞಾನ ಸಂಗ್ರಹಾಲಯ, ಎರಡಕ್ಕೂ ಪ್ರವೇಶ ಉಚಿತ. ಎರಡನೆಯದರಲ್ಲಿ ಆನೆಯ ದೂರದ ಬಂಧುವಾದ ಮ್ಯಾಸ್ಟೊಡಾನ್‌ನ ಅಸ್ಥಿಪಂಜರವಿದೆ. ಅಧ್ಯಾಪಕರಾದ ನಿಮಗಾಗಿ ಇನ್ನೊಂದು ಮಾತು: 1968ರಲ್ಲಿ ನೊಬೆಲ್ ಪಡೆದಾಗ ಹರ್‌ಗೋಬಿಂದ್ ಖೊರಾನಾ ಅವರು ಕೆಲಸ ಮಾಡುತ್ತಿದ್ದುದು ಇದೇ ವಿಶ್ವವಿದ್ಯಾಲಯದಲ್ಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಮೂಲವೂ ಇಲ್ಲಿಯೇ. ಹಾಳಾದ ಸಿಹಿ ಕ್ಲೋವರ್ ಮೇವನ್ನು ತಿಂದ ದನಗಳು ರಕ್ತಸ್ರಾವವಾಗಿ ಸಾಯುತ್ತಿದ್ದುದೇಕೆಂದು ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಸಹೋದ್ಯೋಗಿಗಳು ಹುಡುಕಿದ್ದರಿಂದ ಆ ಔಷಧ ಹೊರಬಂದಿತು. ದನ ಕಟ್ಟಿದವರಿಗೆ ಇಂಥ ಸಂಗತಿ ನೆನಪಿನಲ್ಲಿ ಉಳಿಯುತ್ತದೆ.

ಪೆರ್ಲದ ಕೃಷಿಕ (ಉತ್ತರ)

ಮ್ಯಾಡಿಸನ್ ಒಳ್ಳೆಯ ಊರೇ. ಆದರೆ ಕಾರನ್ನು ಮನೆಯಲ್ಲೇ ಬಿಡಬೇಕೆಂಬ ನಿಮ್ಮ ಆಸೆಗೆ ಮಿಲ್ವಾಕಿ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಮ್ಯಾಡಿಸನ್‌ಗೆ ಪ್ರಯಾಣಿಕರ ರೈಲಿಲ್ಲ. ಮಿಲ್ವಾಕಿಗಾದರೆ ಶಿಕಾಗೋದ ಯೂನಿಯನ್ ಸ್ಟೇಷನ್‌ನಿಂದ ಹಯವಾಥಾ ಎಂಬ ರೈಲು ದಿನಕ್ಕೆ ಹಲವು ಬಾರಿ ಹೊರಡುತ್ತದೆ. 138 ಕಿಲೋಮೀಟರಿಗೆ ಸುಮಾರು ಒಂದೂವರೆ ಗಂಟೆ. ನಿಮ್ಮ ಮಗಳ ಮನೆ ನೇಪರ್‌ವಿಲ್, ಅರೋರಾ ಕಡೆಯ ಮೆಟ್ರಾ ಮಾರ್ಗದಲ್ಲಿದ್ದರೆ ಆ ಸ್ಥಳೀಯ ರೈಲು ಬಂದು ಸೇರುವುದೂ ಯೂನಿಯನ್ ಸ್ಟೇಷನ್‌ಗೇ. ವರ್ಷವಿಡೀ ಕಾರು ಓಡಿಸುವ ಅಳಿಯ ರಜೆಯಲ್ಲಿಯೂ ಏಕೆ ಚಾಲಕನಾಗಬೇಕು?

ಮಿಲ್ವಾಕಿಯ ನಿಲ್ದಾಣ ಊರಿನ ಮಧ್ಯದಲ್ಲಿಯೇ ಇದೆ. ಅಲ್ಲಿಂದ ಹೊರಡುವ ಹಾಪ್ ಎಂಬ ಟ್ರಾಮ್ 2018ರಲ್ಲಿ ಆರಂಭವಾದಂದಿನಿಂದ ಟಿಕೇಟಿಲ್ಲದೆ ಓಡುತ್ತಿದೆ. ಮೊಣಕಾಲು ಸಾಕೆನ್ನುವಾಗ ಅದನ್ನು ಹತ್ತಿಬಿಡಬಹುದು. ಹಳೆಯ ಗೋದಾಮುಗಳ ಕೇರಿಯಾದ ಥರ್ಡ್ ವಾರ್ಡ್ 1892ರ ದೊಡ್ಡ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಿದ್ದು. ಈಗ ಅಲ್ಲಿ ಮಿಲ್ವಾಕಿ ಪಬ್ಲಿಕ್ ಮಾರ್ಕೆಟ್ ಮತ್ತು ನದಿಯ ಪಕ್ಕದಲ್ಲೇ ಸಾಗುವ ರಿವರ್‌ವಾಕ್ ಎಂಬ ಕಾಲುದಾರಿ ಇವೆ. ದೋಣಿ ಬಂದಾಗ ಘಂಟೆ ಬಾರಿಸಿ ರಸ್ತೆಯ ಸೇತುವೆಯೇ ಮೇಲೇಳುವುದನ್ನು ಚಿಕ್ಕವನು ಎಷ್ಟು ಸಲ ನೋಡಿದರೂ ಸಾಕೆನ್ನುವುದಿಲ್ಲ.

ಇನ್ನು ಕಲಾ ಸಂಗ್ರಹಾಲಯ. 2001ರಲ್ಲಿ ತೆರೆದ ವಾಸ್ತುಶಿಲ್ಪಿ ಸ್ಯಾಂಟಿಯಾಗೋ ಕಲಟ್ರಾವಾ ವಿನ್ಯಾಸದ ಮಂಟಪಕ್ಕೆ ಉಕ್ಕಿನ ರೆಕ್ಕೆಗಳಿವೆ. ಬಿಚ್ಚಿದಾಗ ತುದಿಯಿಂದ ತುದಿಗೆ ಸುಮಾರು 66 ಮೀಟರ್. ಬೆಳಿಗ್ಗೆ ತೆರೆಯುತ್ತವೆ, ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ ಮಡಚಿ ಬಿಚ್ಚುತ್ತವೆ, ಸಂಜೆ ಮುಚ್ಚುತ್ತವೆ. ಗಾಳಿ ಮಿತಿಮೀರಿದರೆ ಸಂವೇದಕಗಳ ಸೂಚನೆಯಂತೆ ತಾವಾಗಿಯೇ ಮಡಚಿಕೊಳ್ಳುತ್ತವೆ. ಊರಿನ ಮುಖ್ಯ ಬೀದಿಯಿಂದ ಅಲ್ಲಿಗೆ ಪಾದಚಾರಿಗಳ ಸೇತುವೆಯಿದೆ. ಹಿಂದೆಯೇ ಮಿಶಿಗನ್ ಸರೋವರ. ಆಚೆಯ ದಡ ಕಾಣುವುದಿಲ್ಲ, ಆದರೂ ನೀರು ಸಿಹಿ. ರೈತರ ಸಂತೆಯ ವಿಷಯದಲ್ಲಿ ಮಾತ್ರ ಮಂಜೇಶ್ವರದವರ ಮಾತನ್ನು ಒಪ್ಪುತ್ತೇನೆ, ಮ್ಯಾಡಿಸನ್‌ಗೆ ಸಾಟಿಯಾದದ್ದು ಮಿಲ್ವಾಕಿಯಲ್ಲಿಲ್ಲ.

ಕುಂಬಳೆಯ ಫಿಸಿಯೋಥೆರಪಿಸ್ಟ್ (ಉತ್ತರ)

ಊರಿನ ಆಯ್ಕೆ ನಿಮಗೆ ಬಿಟ್ಟದ್ದು. ಮೊಣಕಾಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಮೊಣಕಾಲು ಸವೆತವಿರುವವರಿಗೆ ಏರುವುದಕ್ಕಿಂತ ಇಳಿಯುವುದು ಹೆಚ್ಚು ನೋವು ತರುತ್ತದೆ. ಮ್ಯಾಡಿಸನ್‌ನ ಶಾಸನಸಭಾ ಭವನ ದಿಬ್ಬದ ಮೇಲಿದೆ, ಸ್ಟೇಟ್ ಸ್ಟ್ರೀಟ್ ಅಲ್ಲಿಂದ ಇಳಿಜಾರಾಗಿ ಹೋಗುತ್ತದೆ. ವಿಶ್ವವಿದ್ಯಾಲಯದ ಬ್ಯಾಸ್ಕಮ್ ಹಿಲ್ ಇನ್ನೂ ಕಡಿದಾದ ಏರು. ಅದನ್ನು ಮಕ್ಕಳಿಗೂ ಮಗಳಿಗೂ ಬಿಟ್ಟು ನೀವಿಬ್ಬರು ಸರೋವರದ ದಡದಲ್ಲಿ ಸಾಗುವ ಸಮತಟ್ಟಾದ ಲೇಕ್‌ಶೋರ್ ಪಾತ್ ಹಿಡಿಯಿರಿ. ಒಂದು ಊರುಗೋಲು ಜೊತೆಯಲ್ಲಿರಲಿ. ಚಪ್ಪಲಿ ಬೇಡ, ಹೊಸ ಬೂಟೂ ಬೇಡ. ಈಗಲೇ ಬೂಟು ಕೊಂಡು ಊರಿನಲ್ಲಿ ತೊಟ್ಟು ಪಳಗಿಸಿಕೊಳ್ಳುವುದು ಒಳ್ಳೆಯದು. ಈಗ ಮನೆಯ ಸುತ್ತ ನೋವಿಲ್ಲದೆ ನಡೆಯಬಲ್ಲ ದೂರದ ಅರ್ಧವನ್ನೇ ಅಲ್ಲಿ ಒಂದು ಹೊತ್ತಿನ ಮಿತಿಯೆಂದು ಇಟ್ಟುಕೊಂಡು, ಮಧ್ಯಾಹ್ನ ಕೋಣೆಗೆ ಬಂದು ಮಲಗಿ, ಸಂಜೆ ಮತ್ತೆ ಹೊರಡಿ. ಸಣ್ಣ ಮಕ್ಕಳಿಗೂ ಈ ಕ್ರಮವೇ ಹಿತ.

ರಸ್ತೆ ದಾಟುವಾಗ ಮೊದಲು ನೋಡಬೇಕಾದ್ದು ಎಡಕ್ಕೆ, ಏಕೆಂದರೆ ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ನಡೆಯಬಹುದೆಂಬ ದೀಪ ಹೊತ್ತಿದ್ದರೂ ಕಾರುಗಳು ನಿಮ್ಮ ಪಕ್ಕದಿಂದ ಬಲಕ್ಕೆ ತಿರುಗುವುದುಂಟು. ಚಿಕ್ಕವನ ಕೈ ಬಿಡಬೇಡಿ.

ಬದಿಯಡ್ಕದ ನಿವೃತ್ತ ಅಧ್ಯಾಪಕ

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಓದಿ ಹೇಳಿದೆ. ಸಂತೆಯ ವಿಷಯ ಕೇಳಿ ಪತ್ನಿ ಮ್ಯಾಡಿಸನ್ ಎಂದಳು. ಸೇತುವೆಯ ವಿಷಯ ಕೇಳಿ ಚಿಕ್ಕವನು ಫೋನಿನಲ್ಲೇ ಮಿಲ್ವಾಕಿ ಎಂದು ಹಟ ಹಿಡಿದಿದ್ದಾನೆ. ಈ ಬಾರಿ ಮ್ಯಾಡಿಸನ್, ಮತ್ತೊಂದು ದಿನ ರೈಲಿನಲ್ಲಿ ಮಿಲ್ವಾಕಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಹಿಂದಿರುಗುವುದೆಂದು ರಾಜಿಯಾಗಿದೆ. ಉಳಿದಿರುವ ಸಂಶಯಗಳು: ವಸತಿಯನ್ನು ಎಲ್ಲಿ ಹಿಡಿಯಬೇಕು, ಅಲ್ಲಿಯ ಚೀಸ್ ನಮಗೆ ಆಗುತ್ತದೆಯೇ, ಮಕ್ಕಳನ್ನು ಸರೋವರಕ್ಕೆ ಇಳಿಸಬಹುದೇ?

ಮಂಜೇಶ್ವರದಿಂದ

ವಸತಿ ಶಾಸನಸಭಾ ಭವನದ ಸುತ್ತಲಿನ ಬೀದಿಗಳಲ್ಲಿಯೇ ಇರಲಿ. ಹೆದ್ದಾರಿಯ ಪಕ್ಕದ ಹೋಟೆಲುಗಳು ಅಗ್ಗ, ನಿಜ. ಆದರೆ ಅಲ್ಲಿ ಉಳಿದರೆ ಪ್ರತಿ ಸಲವೂ ಕಾರು ತೆಗೆಯಬೇಕಾಗುತ್ತದೆ, ಶನಿವಾರ ನಿಲ್ಲಿಸಲು ಜಾಗವನ್ನೂ ಹುಡುಕಬೇಕಾಗುತ್ತದೆ, ಮಧ್ಯಾಹ್ನ ಕೋಣೆಗೆ ಬಂದು ವಿಶ್ರಮಿಸುವ ಅನುಕೂಲ ಪೂರ್ತಿಯಾಗಿ ತಪ್ಪುತ್ತದೆ. ವೃದ್ಧರೂ ಮಕ್ಕಳೂ ಇರುವ ಕುಟುಂಬಕ್ಕೆ ಬಾಡಿಗೆಯಲ್ಲಿ ಉಳಿಯುವ ಹಣ ಈ ತೊಂದರೆಗೆ ಸಮನಾಗುವುದಿಲ್ಲ. ಶುಕ್ರವಾರ ಸಂಜೆ ಕಾರನ್ನು ಹೋಟೆಲಿನಲ್ಲಿ ನಿಲ್ಲಿಸಿದರೆ ಭಾನುವಾರದ ತನಕ ಮುಟ್ಟಬೇಕಾಗಿಲ್ಲ. ಹೊರಡುವ ದಿನ ಕಾರು ತೆಗೆದ ಮೇಲೆ ಆಲ್ಬ್ರಿಚ್ ಸಸ್ಯೋದ್ಯಾನಕ್ಕೆ ಹೋಗಿ. ಅಲ್ಲಿಯ ಥಾಯ್ ಮಂಟಪ ನೋಡುವಂಥದು, ಆದರೆ ಊರಿನ ನಡುವಿನಿಂದ ನಡೆದು ಹೋಗುವಷ್ಟು ಹತ್ತಿರವಿಲ್ಲ.

ಚೀಸ್ ಬಗ್ಗೆ ನಿಮ್ಮ ಸಂಶಯ ಸರಿಯಾದದ್ದು. ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಸಾಂಪ್ರದಾಯಿಕವಾಗಿ ಕರುವಿನ ಹೊಟ್ಟೆಯಿಂದ ತೆಗೆದದ್ದು. ಈಗ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್‌ನ ಬಳಕೆ ವ್ಯಾಪಕವಾಗಿದೆ. ಸಂತೆಯಲ್ಲಿ ಎದುರಿಗೆ ನಿಂತಿರುವವರೇ ತಯಾರಕರಾದುದರಿಂದ ವೆಜಿಟೇರಿಯನ್ ರೆನೆಟ್ ಹೌದೇ ಎಂದು ಕೇಳಿದರೆ ನೇರ ಉತ್ತರ ಸಿಗುತ್ತದೆ. ಹೌದೆಂದವರಲ್ಲಿ ಚೀಸ್ ಕರ್ಡ್ಸ್ ಎಂಬ ಹಸಿ ಚೀಸ್ ತುಣುಕುಗಳನ್ನು ಕೊಂಡು ನೋಡಿ. ತಾಜಾ ಇದ್ದರೆ ಕಚ್ಚಿದಾಗ ಕಿರಿಕಿರಿ ಸದ್ದು ಮಾಡುತ್ತದೆ, ಮಕ್ಕಳಿಗೆ ಅದೇ ಆಟ.

ಸರೋವರಕ್ಕೆ ಇಳಿಸುವ ಮೊದಲು ಆ ದಿನದ ಸೂಚನೆಯನ್ನು ಓದಿ. ಸುತ್ತಲಿನ ಹೊಲಗಳಿಂದ ರಂಜಕ ಹರಿದು ಬರುವುದರಿಂದ ಬೇಸಿಗೆಯ ಬಿಸಿಯಲ್ಲಿ ನೀಲಿಹಸಿರು ಪಾಚಿ ಹಬ್ಬುತ್ತದೆ, ಅದು ವಿಷಕಾರಿಯಾಗಬಹುದು, ಅಂಥ ದಿನಗಳಲ್ಲಿ ಸ್ನಾನದ ದಡಗಳನ್ನು ಮುಚ್ಚುತ್ತಾರೆ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕಂಡರೆ ಫಲಕವಿಲ್ಲದಿದ್ದರೂ ಮಕ್ಕಳನ್ನು ಇಳಿಸಬೇಡಿ. ಶುಕ್ರವಾರ ಮಧ್ಯಾಹ್ನದ ನಂತರ ಶಿಕಾಗೋದಿಂದ ಹೊರಡುವ ಹೆದ್ದಾರಿಯಲ್ಲಿ ವಾಹನ ದಟ್ಟಣೆ ಹೆಚ್ಚು. ಅಳಿಯನಿಗೆ ಸಾಧ್ಯವಾದರೆ ಊಟಕ್ಕೆ ಮೊದಲೇ ಹೊರಡಿ.