ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ: ಮಳೆ ಹಿಡಿದ ಮೇಲೆ ಡಿರ‍್ಯಾಮ್ ಲೈಟ್

ಕೋಡಿಬಾಗ_ಗಾಳಿ:
ಮನೆ ಕಾರವಾರದಲ್ಲಿ, ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ರೈಜೆನ್ 5 5600, ಬಿ550 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ‍್ಯಾಮ್, ಆರ್‌ಎಕ್ಸ್ 6600, 550 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಮೇ ಕೊನೆವರೆಗೂ ತಕರಾರಿಲ್ಲ. ಈಗ ಬೆಳಿಗ್ಗೆ ಆನ್ ಮಾಡಿದರೆ ಫ್ಯಾನೆಲ್ಲ ತಿರುಗುತ್ತವೆ, ಬೋರ್ಡಿನ ಡಿರ‍್ಯಾಮ್ ಲೈಟ್ (ಮೆಮೊರಿ ತೊಂದರೆ ತೋರಿಸುವುದು) ಹತ್ತಿ ಹಾಗೇ ನಿಲ್ಲುತ್ತೆ, ಮಾನಿಟರ್ ಕಪ್ಪು. ನಾಲ್ಕೈದು ಸಲ ಆಫ್-ಆನ್ ಮಾಡಿದರೆ ಬೂಟ್ ಆಗಿ ಇಡೀ ದಿನ ಸರಿ ಓಡುತ್ತೆ. ಅಂಗಡಿಯಲ್ಲಿ ಬೋರ್ಡೇ ಬದಲಿಸಿ ಅಂದರು. ಕೇಸಿನ ಸ್ಕ್ರೂ ಮುಟ್ಟಿದರೆ ಜುಮ್ ಅನ್ನುತ್ತೆ, ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಶಿರಸಿ_ಸೋಲ್ಡರ್:
ಬೋರ್ಡಿನ ಮಾತು ಕೊನೆಗೆ. ಬಿಸಿಯಾದ ಮೇಲೆ ದಿನವಿಡೀ ಓಡುತ್ತೆ ಅಂದರೆ ಮೊದಲ ಅನುಮಾನ ರ‍್ಯಾಮಿನ ಕಾಂಟ್ಯಾಕ್ಟ್ ಮೇಲೆ. ಪ್ಲಗ್ ಕಿತ್ತು ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಎರಡೂ ರ‍್ಯಾಮ್ ತೆಗೆದು, ಒಂದನ್ನು ಮಾತ್ರ ಸಿಪಿಯು ಕಡೆಯಿಂದ ಎರಡನೇ ಸ್ಲಾಟಿಗೆ (ಎ2) ಹಾಕಿ ನೋಡಿ. ಆಮೇಲೆ ಇನ್ನೊಂದನ್ನೂ ಅದೇ ಸ್ಲಾಟಿಗೆ. ಎರಡೂ ಎ2ದಲ್ಲಿ ಓಡಿ ನಾಲ್ಕನೇ ಸ್ಲಾಟಿನಲ್ಲಿ (ಬಿ2) ಕೈಕೊಟ್ಟರೆ ತೊಂದರೆ ಸ್ಲಾಟಿನಲ್ಲಿ. ಒಂದೇ ಸ್ಟಿಕ್ ಎಲ್ಲಿ ಹಾಕಿದರೂ ಕೈಕೊಟ್ಟರೆ ಆ ಸ್ಟಿಕ್‌ನದು. ಸಿಮಾಸ್ ಕ್ಲಿಯರ್ ಮಾಡಿ (ಬಯೋಸ್ ಸೆಟ್ಟಿಂಗನ್ನು ಮೊದಲಿನಂತೆ ಮಾಡಿ) ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚು ಸ್ಪೀಡಿನಲ್ಲಿ ಓಡಿಸುವ ಸೆಟ್ಟಿಂಗ್) ಇಲ್ಲದೆ ಪರೀಕ್ಷಿಸಿ, ಇಲ್ಲದಿದ್ದರೆ ಸ್ಪೀಡಿನ ತಕರಾರೋ ಕಾಂಟ್ಯಾಕ್ಟಿನದೋ ಗೊತ್ತಾಗುವುದಿಲ್ಲ.

ಇದು ಮುಗಿಯುವವರೆಗೆ ಕೂಲರ್ ಮುಟ್ಟಬೇಡಿ. ಎಎಂ4ನಲ್ಲಿ (ನಿಮ್ಮ ಬೋರ್ಡಿನ ಸಿಪಿಯು ಸಾಕೆಟ್) ಪಿನ್ ಇರುವುದು ಸಿಪಿಯುಗೆ. ನಡುವಿನ ಥರ್ಮಲ್ ಪೇಸ್ಟ್ ಗಟ್ಟಿಯಾಗಿದ್ದರೆ ಸಾಕೆಟ್ಟಿನ ಲಿವರ್ ಹಾಕಿದ್ದರೂ ಸಿಪಿಯು ಕೂಲರಿಗೆ ಅಂಟಿಕೊಂಡೇ ಎದ್ದು ಬರುತ್ತದೆ, ಪಿನ್ ಬಾಗುತ್ತದೆ.

ಬೈತಖೋಲ್_ಬೆಂಚ್:
ಮೇಲಿನದು ಸರಿ, ಆದರೆ ಕರಾವಳಿಯಲ್ಲಿ ಒರೆಸುವ ಕ್ರಮವೇ ಬೇರೆ. ಎಲ್ಲರೂ 99 ಪರ್ಸೆಂಟ್ ಐಸೊಪ್ರೊಪೈಲ್ ಹಚ್ಚಿ ಅನ್ನುತ್ತಾರೆ. ಜಿಡ್ಡಿಗೆ ಅದು ಸರಿ. ಉಪ್ಪು ಅದರಲ್ಲಿ ಕರಗುವುದೇ ಇಲ್ಲ ಮಾರಾಯ್ರೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸವರಿದ ಹಾಗೆ ಆಗುತ್ತದೆ ಅಷ್ಟೆ. ಗಾಳಿಯ ತೇವ 75 ಪರ್ಸೆಂಟ್ ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಒದ್ದೆಯಾಗುತ್ತದೆ. ಜೂನ್ ಬಂದ ಮೇಲೆ ಇಲ್ಲಿ ಅದಕ್ಕಿಂತ ಕಡಿಮೆ ಇರುವುದೇ ಅಪರೂಪ. ಬೇಸಿಗೆಯಲ್ಲಿ ಸುಮ್ಮನಿದ್ದ ಪಿಸಿ ಮಳೆಗಾಲದಲ್ಲಿ ಹಟ ಹಿಡಿಯುವುದು ಇದಕ್ಕೇ.

ಬ್ಯಾಟರಿ ನೀರು ತನ್ನಿ. ಆಸಿಡ್ ಅಲ್ಲ, ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ನೂಲು ಬಿಡದ ಬಟ್ಟೆಯನ್ನು ಅದರಲ್ಲಿ ತುಸುವೇ ಒದ್ದೆ ಮಾಡಿ ರ‍್ಯಾಮಿನ ಚಿನ್ನದ ಪಟ್ಟಿಗಳನ್ನು ಒರೆಸಿ, ಆಮೇಲೆ 99ರ ಆಲ್ಕೋಹಾಲ್. ಸ್ಲಾಟಿಗೆ ಏಳು ಪಾಲು ಆಲ್ಕೋಹಾಲಿಗೆ ಮೂರು ಪಾಲು ಬ್ಯಾಟರಿ ನೀರು ಬೆರೆಸಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಸುರಿಯಬೇಡಿ. ಫ್ಯಾನಿನ ಕೆಳಗೆ ಅರ್ಧ ದಿನ ಒಣಗಲಿ. ರಬ್ಬರಿನಿಂದ ಉಜ್ಜುವ ಚಟ ಬಿಡಿ: ಚಿನ್ನದ ಲೇಪ ಬಹಳ ತೆಳು, ಸವೆದರೆ ಕೆಳಗಿನ ನಿಕ್ಕೆಲ್ ಬಯಲಾಗಿ ಮುಂದಿನ ಮಳೆಗೆ ಇನ್ನೂ ಬೇಗ ಹಾಳು.

ಅರ್ಥಿಂಗ್_ಗುಂಡಿ:
ಜುಮ್ ಅನ್ನುವುದಕ್ಕೂ ರ‍್ಯಾಮಿಗೂ ಸಂಬಂಧ ಇಲ್ಲ, ಆದರೆ ಬಿಡುವ ವಿಷಯವೂ ಅಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸ್, ನ್ಯೂಟ್ರಲ್ ಎರಡರಿಂದಲೂ ಕೇಸಿಗೆ ಜೋಡಿಸಿರುತ್ತವೆ. ಅರ್ಥ್ ಇಲ್ಲದಿದ್ದರೆ ಕೇಸಿನ ಮೇಲೆ ಸುಮಾರು ಅರ್ಧ ವೋಲ್ಟೇಜ್ ನಿಲ್ಲುತ್ತದೆ. ಕರೆಂಟ್ ಕಡಿಮೆ, ಅದಕ್ಕೇ ಜುಮ್ ಅಷ್ಟಕ್ಕೇ ಮುಗಿಯುತ್ತದೆ. ಚಿರೇಕಲ್ಲು ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗುವುದು ಸಾಮಾನ್ಯ. ಇಷ್ಟು ಮಳೆಯಲ್ಲೂ ಜುಮ್ ಅಂದರೆ ವಾಯರೇ ತುಕ್ಕು ಹಿಡಿದು ತುಂಡಾಗಿರಬಹುದು. ಇಲೆಕ್ಟ್ರಿಷಿಯನ್ ಕರೆಸಿ. ಸಾಕೆಟ್ಟಿನೊಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಕಟ್ಟಿ ಜುಮ್ ನಿಲ್ಲಿಸಲು ಮಾತ್ರ ಬಿಡಬೇಡಿ. ನ್ಯೂಟ್ರಲ್ ಕಡಿದ ದಿನ ಕೇಸಿಗೆ ಪೂರ್ತಿ 230 ವೋಲ್ಟ್ ಬರುತ್ತದೆ.

ಕೋಡಿಬಾಗ_ಗಾಳಿ:
ಎ2ದಲ್ಲಿ ಎರಡೂ ಸ್ಟಿಕ್ ಒಂದೇ ಸಲಕ್ಕೆ ಬೂಟ್. ಬಿ2ದಲ್ಲಿ ಎರಡೂ ಇಲ್ಲ. ಟಾರ್ಚ್ ಹಾಕಿದರೆ ಬಿ2ದ ಒಂದು ತುದಿಯಲ್ಲಿ ಬಿಳಿ ಪುಡಿ, ಎರಡು ಪಿನ್ನಿನಲ್ಲಿ ಹಸಿರು ಚುಕ್ಕೆ. ಹೇಳಿದ ಹಾಗೆ ತೊಳೆದು ಒಣಗಿಸಿದೆ, ಮೂರು ಬೆಳಿಗ್ಗೆಯಿಂದ ಎರಡೂ ಸ್ಟಿಕ್ ಸರಿ. ಕೇಸಿನೊಳಗೆ ಸಿಲಿಕಾ ಜೆಲ್ ಇಡಲಾ?

ಬೈತಖೋಲ್_ಬೆಂಚ್:
ಗಾಳಿ ಆಡುವ ಕೇಸಿನಲ್ಲಿ ಅದು ಒಂದು ದಿನಕ್ಕೆ ತುಂಬಿಹೋಗುತ್ತದೆ, ದಂಡ. ಬಟ್ಟೆ ಬೂಸು ಹಿಡಿಯದಿರಲಿ ಎಂದು ಕಪಾಟಿನೊಳಗೆ ಹಳೇ ಝೀರೊ ಬಲ್ಬ್ ಉರಿಸುತ್ತಾರಲ್ಲ, ಅದೇ ಲೆಕ್ಕ: ದಿನಾ ಒಂದೆರಡು ತಾಸು ಪಿಸಿ ಓಡಿಸಿ. ಬಯೋಸಿನಲ್ಲಿ ಕೇಸ್ ಫ್ಯಾನಿನ ವೇಗ ಇಳಿಸಿ, ಒಳಗೆ ಎಳೆದಷ್ಟೂ ಗಾಳಿ ಉಪ್ಪು ತರುತ್ತದೆ. ಸಮುದ್ರದ ಕಡೆಯ ಕಿಟಕಿಯ ಕೆಳಗಿದ್ದರೆ ಟೇಬಲ್ ಎದುರಿನ ಗೋಡೆಗೆ ಸರಿಸಿ. ಹಸಿರು ಕಂಡಿದ್ದ ಆ ಎರಡು ಪಿನ್ನುಗಳನ್ನು ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಟಾರ್ಚ್ ಹಾಕಿ ನೋಡಿ.